ಬ್ಯಾಟರಿ ಹೆಚ್ಚಾಗೈತೆ

ನಮ್ಮ ಅತ್ತೆಯ ಮನೆಯಲ್ಲಿ ಯಾವ ಸಾಮಾನೂ ಯಾವತ್ತೂ ಮುಗಿದದ್ದಿಲ್ಲ. ಅಕ್ಕಿ ಡಬ್ಬಿಯ ತಳ ಕಂಡರೆ "ಅಕ್ಕಿ ಹೆಚ್ಚಾಗೈತೆ, ತಗಂಡು ಬಾರಪ್ಪ" ಎಂದು ಮಗನಿಗೆ ಹೇಳುತ್ತಿದ್ದರು. ಭರಣಿ ಬರಿದಾದರೆ ಕುಂಕುಮ ಹೆಚ್ಚಾಗಿದೆ. ಬಳೆ ಒಡೆದರೂ ಹೆಚ್ಚಾಯಿತು ಎಂದೇ ಅನ್ನಬೇಕು. ದೀಪ ಆರಿಸುವ ಹಾಗಿಲ್ಲ, ಶಾಂತ ಮಾಡಬೇಕು. ಬಾಗಿಲು ಹಾಕುವ ಹಾಗಿಲ್ಲ, ಮುಂದೆ ಮಾಡಬೇಕು. ಹೊರಟವರು ಹೋಗುವುದಿಲ್ಲ, ಬರುತ್ತಾರೆ. ಬಾಯಿ ತಪ್ಪಿ "ಎಣ್ಣೆ ಮುಗೀತು" ಅಂದೆನೋ, ಒಲೆ ಮುಂದಿನಿಂದ ಎದ್ದು ಬಂದು "ಬಿಡ್ತು ಅನ್ನು" ಎಂದು ನಿಲ್ಲುತ್ತಿದ್ದರು. ಅಂದು ಮುಗಿಸುವ ತನಕ ಅತ್ತೆ ಮುಂದಿನ ಕೆಲಸಕ್ಕೆ ಕೈ ಹಾಕುತ್ತಿರಲಿಲ್ಲ.

ನಾನೋ, ಪಿ.ಟಿ. ಟೀಚರ್. ನನ್ನ ಕಸುಬಿನಲ್ಲಿ ಔಟ್ ಅಂದರೆ ಔಟ್. ಕಬಡ್ಡಿಯಲ್ಲಿ ಗೆರೆ ದಾಟಿದ ಹುಡುಗಿಯನ್ನು ಕರೆದು "ನಿನ್ನ ಆಟ ಹೆಚ್ಚಾಗೈತೆ ಕಣವ್ವಾ, ಹೊರಗೆ ಬಾ" ಎನ್ನಲಾಗುತ್ತದೆಯೇ? ಮನೆಯೊಳಗೆ ಅತ್ತೆಯ ವ್ಯಾಕರಣ, ಹೊಸ್ತಿಲು ದಾಟಿದರೆ ನನ್ನ ವ್ಯಾಕರಣ. ಹರಿಹರದಿಂದ ದಾವಣಗೆರೆಗೆ ದಿನವೂ ಬಸ್ಸು ಹತ್ತುತ್ತಿದ್ದೆನಾದ್ದರಿಂದ ಎರಡಕ್ಕೂ ಜಗಳ ಹತ್ತುವ ಸಂದರ್ಭ ಬಹಳ ಕಾಲ ಬರಲಿಲ್ಲ.

ನನ್ನ ಎದೆ ಕೈಕೊಟ್ಟಿದ್ದು ಮೈದಾನದಲ್ಲೇ. ನಮ್ಮದು ಹೆಣ್ಣುಮಕ್ಕಳ ಹೈಸ್ಕೂಲು. ಹಿಂದಿನ ಮಂಡಕ್ಕಿ ಭಟ್ಟಿಗಳಿಂದ ಹೊಗೆಯ ಕರಿ ಹಾರಿ ಬಂದು ನಾವು ಎಳೆದ ಸುಣ್ಣದ ಗೆರೆಗಳ ಮೇಲೆ ಕೂರುತ್ತಿತ್ತು. ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ನನಗಿನ್ನೂ ಮೂವತ್ತೈದು ದಾಟಿರಲಿಲ್ಲ. ಖೋ ಖೋ ಅಭ್ಯಾಸ ಮಾಡಿಸುತ್ತ ಸೀಟಿ ಬಾಯಲ್ಲಿ ಇಟ್ಟುಕೊಂಡೇ ಬಿದ್ದೆನಂತೆ. ಬಿಸಿಲಿಗೆ ಹೀಗಾಗಿದೆ ಎಂದರು, ಉಪವಾಸಕ್ಕೆ ಎಂದರು. ನಾನು ಯಾವ ಉಪವಾಸವನ್ನೂ ಮಾಡುವವಳಲ್ಲ. ಎರಡನೇ ಸಲ ಬಿದ್ದಾಗ ಊರಿನ ಡಾಕ್ಟರು ನನ್ನ ನಾಡಿ ಹಿಡಿದು ಬಹಳ ಹೊತ್ತು ಎಣಿಸಿದರು. ಹಿಡಿದಷ್ಟು ಹೊತ್ತಿಗೆ ಸಿಗಬೇಕಾದಷ್ಟು ಬಡಿತ ಅವರಿಗೆ ಸಿಕ್ಕಿರಲಿಲ್ಲ. ಬೆಂಗಳೂರಿಗೆ ಕಳಿಸಿದರು. ಹೃದಯದ ಮೇಲಿನ ಕೋಣೆಯಿಂದ ಕೆಳಗಿನ ಕೋಣೆಗೆ ಸುದ್ದಿ ಮುಟ್ಟುತ್ತಿಲ್ಲ, ನಡುವೆ ಲೈನ್ ಕಟ್ಟಾಗಿದೆ ಎಂದು ಅಲ್ಲಿ ಹೇಳಿದರು. ಎಡಗಡೆ ಕೊರಳೆಲುಬಿನ ಕೆಳಗೆ ಚರ್ಮ ಕೊಯ್ದು ಪೇಸ್‌ಮೇಕರ್ ಇಟ್ಟು ಹೊಲಿದರು.

ಊರಿಗೆ ಬಂದ ಮೇಲೆ ಆಳಿಗೊಂದು ಮಾತು. ಪಕ್ಕದ ಮನೆಯಾಕೆ ತನ್ನ ಕೂಸನ್ನು ನನ್ನ ತೊಡೆಯಿಂದ ಎತ್ತಿಕೊಂಡಳು, ಕರೆಂಟ್ ಹೊಡೆದೀತು ಅಂತ. ಮಿಕ್ಸಿ ಹಾಕಬೇಡ, ಟಿ.ವಿ. ಮುಂದೆ ಕೂಡಬೇಡ, ಗುಡುಗಿದರೆ ಹೊರಗೆ ಬರಬೇಡ ಎಂದು ಕಂಡಕಂಡವರು ನಿಯಮ ಮಾಡಿದರು. ಅತ್ತೆ ಮಾತ್ರ ಹೆದರಲಿಲ್ಲ. "ಹೊರಗೆ ಲಿಂಗಪ್ಪ ಐದಾನೆ, ಒಳಗೆ ಮಷಿನ್ನಪ್ಪ ಐದಾನೆ. ಇಬ್ರೂ ಸೇರಿ ನೋಡ್ಕಂತಾರೆ ಬಿಡು" ಎಂದು ನನ್ನ ಕೊರಳಿನ ಲಿಂಗದ ಕರಡಿಗೆಯನ್ನು ಸರಿಮಾಡಿದ್ದರು. ಆದರೆ ನಾನು ಮತ್ತೆ ಮೈದಾನಕ್ಕೆ ಹೋಗುವುದು ಅವರಿಗೂ ಬೇಡವಾಗಿತ್ತು. ನಮ್ಮ ಮನೆಯವರಿಗೂ ಬೇಡವಾಗಿತ್ತು. ಗುತ್ತೂರಿನ ಕಡೆ ಫ್ಯಾಕ್ಟರಿಯಲ್ಲಿ ಕೆಲಸ ಮಾಡುವ ಮನುಷ್ಯ, ಮಾತು ಕಮ್ಮಿ, ಬೇಡ ಎಂಬುದನ್ನು ನನ್ನ ಬೂಟುಗಳನ್ನು ಅಟ್ಟದ ಮೇಲೆ ಎತ್ತಿಡುವ ಮೂಲಕ ಹೇಳಿದರು. ನಾನು ಇಳಿಸಿಕೊಂಡೆ.

ನಮ್ಮ ಕಡೆಯ ಅತ್ಯಂತ ಮರ್ಯಾದೆಯ ಮಾತು "ಕೂಡ್ರಿ". ಯಾರ ಮನೆಗೆ ಹೋದರೂ ಮೊದಲು ಅದು, ನೀರು ಆಮೇಲೆ. ಆ ವರ್ಷ ಆ ಮಾತು ನನಗೆ ಬೈಗುಳವಾಗಿ ಕೇಳಿಸತೊಡಗಿತು. ಬಸ್ಸಿನಲ್ಲಿ ಕೂಡ್ರಿ, ಪ್ರಾರ್ಥನೆಗೆ ಎಲ್ಲರೂ ನಿಂತಾಗ ಮೇಡಂ ನೀವು ಕೂಡ್ರಿ. ನಮ್ಮ ಹೆಡ್ ಮೇಡಂ ಅಂತೂ ಲೈಬ್ರರಿಯಲ್ಲಿ ನನಗೊಂದು ಕುರ್ಚಿ ಹಾಕಿಸಿ, ಅದಕ್ಕೆ ಮೆತ್ತೆಯನ್ನೂ ಹೊಲಿಸಿ ಇಟ್ಟಿದ್ದರು. ಲೈಬ್ರರಿ ಅಂದರೆ ಬೀಗ ಹಾಕಿದ ಎರಡು ಬೀರು, ಒಂದು ಕಿಟಕಿ. ಕಿಟಕಿಯಿಂದ ಮೈದಾನ ಕಾಣುತ್ತಿತ್ತು, ಅದೇ ನನಗೆ ಸಿಟ್ಟು. ಕೆಟ್ಟ ಹೆಂಗಸಲ್ಲ ಅವರು. ನಾನು ಬಿದ್ದ ದಿನ ನನ್ನ ತಲೆಯನ್ನು ತಮ್ಮ ತೊಡೆಯ ಮೇಲೆ ಇಟ್ಟುಕೊಂಡವರೇ ಅವರು. ಆದರೆ ಬಿದ್ದವಳನ್ನು ಒಮ್ಮೆ ನೋಡಿದವರಿಗೆ ಎದ್ದವಳು ಕಣ್ಣಿಗೆ ಬೀಳುವುದಿಲ್ಲ.

"ಬೆಂಗಳೂರಿನ ಡಾಕ್ಟರು ಓಡಬಹುದು ಅಂದಾರೆ ಮೇಡಂ" ಎಂದೆ. "ಎದೆಗೆ ಪೆಟ್ಟು ಬೀಳದಂಗೆ ನೋಡ್ಕಂಡ್ರೆ ಸಾಕಂತೆ. ತಿಂಗಳಿಗೊಮ್ಮೆ ಫೋನಲ್ಲೇ ಪರೀಕ್ಷೆ ಮಾಡ್ತಾರೆ."

"ಫೋನಲ್ಲಿ ಎದೆ ಪರೀಕ್ಷೆನಾ?" ಎಂದು ಅವರು ನಕ್ಕರು. ನಗು ಮುಗಿದ ಮೇಲೆ ಕರಾರು ಹಾಕಿದರು: ತಿಂಗಳು ತಿಂಗಳು ಫೋನಿನಲ್ಲಿ ಎಲ್ಲ ಸರಿ ಎಂದು ಬಂದರೆ ಮೈದಾನ ನನ್ನದು. ಒಂದೇ ಒಂದು ಸಲ ಸರಿಯಿಲ್ಲ ಎಂದು ಬಂದರೂ ಲೈಬ್ರರಿಯ ಕುರ್ಚಿ, ಆಮೇಲೆ ಮಾತಿಲ್ಲ. ನಾನು ಒಪ್ಪಿದೆ. ಒಪ್ಪದೆ ಏನು ಮಾಡಲಿ?

ಆಸ್ಪತ್ರೆಯವರು ಕೊಟ್ಟ ಸಾಮಾನು ಇಷ್ಟೇ: ಸೋಪಿನ ಡಬ್ಬಿಯಷ್ಟು ದೊಡ್ಡ ಒಂದು ಪೆಟ್ಟಿಗೆ, ಅದಕ್ಕೆ ವೈರಿನಿಂದ ಅಂಟಿದ ಎರಡು ಲೋಹದ ಪಟ್ಟಿ, ಮತ್ತು ನಡುವೆ ತೂತಿರುವ, ಉದ್ದಿನ ವಡೆಯ ಆಕಾರದ ಒಂದು ಆಯಸ್ಕಾಂತ. ಪಟ್ಟಿಗಳನ್ನು ಎರಡೂ ಮಣಿಕಟ್ಟಿಗೆ ಸುತ್ತಿಕೊಳ್ಳಬೇಕು. ಫೋನಿನ ಮಾತಾಡುವ ತುದಿಯನ್ನು ಪೆಟ್ಟಿಗೆಯ ಮೇಲೆ ಇಡಬೇಕು. ಪೆಟ್ಟಿಗೆ ನನ್ನ ಎದೆಬಡಿತವನ್ನು ಕುಂಯ್ಯೋ ಎನ್ನುವ ಏರಿಳಿತದ ಸದ್ದು ಮಾಡಿ ತಂತಿಯಲ್ಲಿ ಕಳಿಸುತ್ತದೆ, ಬೆಂಗಳೂರಿನಲ್ಲಿ ಅದು ಮತ್ತೆ ಕಾಗದದ ಮೇಲೆ ಗೆರೆಯಾಗುತ್ತದೆ. ಆಮೇಲೆ ಆಯಸ್ಕಾಂತವನ್ನು ಪೇಸ್‌ಮೇಕರಿನ ಮೇಲೆ ಹಿಡಿಯಬೇಕು. ಹಿಡಿದ ಕೂಡಲೇ ಅದು ತನಗೆ ಗೊತ್ತುಮಾಡಿದ ಒಂದೇ ವೇಗದಲ್ಲಿ ಬಡಿಯುತ್ತದೆ. ಬ್ಯಾಟರಿ ಸೊರಗಿದರೆ ಆ ವೇಗವೂ ಸೊರಗುತ್ತದೆ. ಆಸ್ಪತ್ರೆಯವರಿಗೆ ಬೇಕಾದದ್ದು ಅದೇ.

ಕೈ ಅಲುಗಿಸುವಂತಿಲ್ಲವಾದ್ದರಿಂದ ಆಯಸ್ಕಾಂತ ಹಿಡಿಯಲು ಇನ್ನೊಬ್ಬರು ಬೇಕು. ಅತ್ತೆ ತಾವೇ ಬಂದರು. ಮೊದಲ ದಿನ ಅವರು ಅದನ್ನು ನನ್ನ ಎದೆಯ ಹತ್ತಿರ ತಂದದ್ದೇ ತಡ, ನನ್ನ ತಾಳಿ ಸರದಲ್ಲಿ ಸಿಕ್ಕಿಸಿಕೊಂಡಿದ್ದ ಪಿನ್ನುಗಳೆಲ್ಲ ಟಪಟಪನೆ ಅದಕ್ಕೆ ಅಂಟಿಕೊಂಡವು. ಆಗಿನಿಂದ ಪಿನ್ನು ತೆಗೆದಿಟ್ಟೇ ಹೊರಡುವುದು ರೂಢಿಯಾಯಿತು.

ಇದೆಲ್ಲ ನಡೆಯುತ್ತಿದ್ದುದು ನಮ್ಮ ಬೀದಿ ಮೂಲೆಯ ಎಸ್‌ಟಿಡಿ ಬೂತಿನಲ್ಲಿ. ಬೂತಿನ ಸಾಹೇಬರು ಹರಿಹರದಲ್ಲೇ ಹುಟ್ಟಿ ಬೆಳೆದವರು, ಮನೆಯಲ್ಲಿ ಉರ್ದು, ಅಂಗಡಿಯಲ್ಲಿ ನಮಗಿಂತ ಜೋರು ಕನ್ನಡ. ನಾನು ಗಾಜಿನ ಡಬ್ಬಿಯೊಳಗೆ ಹೋದ ಕೂಡಲೇ ಫ್ಯಾನು ನಿಲ್ಲಿಸಿ, ಕಾಯುತ್ತ ನಿಂತವರ ಕಡೆ ತಿರುಗಿ "ಟೀಚರಮ್ಮನ ದಿಲ್ ಲೈನ್ ಮ್ಯಾಲೈತೆ, ಯಾರೂ ಬಾಯಿ ಬಿಡಬ್ಯಾಡ್ರಿ!" ಎನ್ನುತ್ತಿದ್ದರು. ಜೋಳದ ವ್ಯಾಪಾರಿಗಳು, ಸೈಕಲ್ ಅಂಗಡಿಯವರು, ಬೀಗರಿಗೆ ಫೋನ್ ಮಾಡಲು ಬಂದ ಹೆಂಗಸರು ಎಲ್ಲರೂ ಉಸಿರು ಬಿಗಿಹಿಡಿದು ನನ್ನ ಎದೆಯ ಕುಂಯ್ ಕೇಳುತ್ತಿದ್ದರು. ನನಗೆ ನಾಚಿಕೆಯಾಗಲಿಲ್ಲ. ಕೇಳಲಿ, ಬಡಿಯುತ್ತಿದೆ ಎಂದು ಗೊತ್ತಾಗಲಿ ಎಂದು ಬೇಕಂತಲೇ ಬಾಗಿಲು ಅರ್ಧ ತೆರೆದಿಡುತ್ತಿದ್ದೆ.

ಬೆಂಗಳೂರಿನ ಆ ತುದಿಯಲ್ಲಿ ಒಬ್ಬಳು ಹುಡುಗಿ. ಮುಖ ನೋಡಿದವಳಲ್ಲ. "ಎಲ್ಲ ಚೆನ್ನಾಗಿದೆ ಮೇಡಂ" ಎನ್ನುತ್ತಿದ್ದಳು, ನಾನು ಅದನ್ನು ಹೆಡ್ ಮೇಡಂಗೆ ಒಪ್ಪಿಸುತ್ತಿದ್ದೆ, ಅವರು ಮುಖ ಸಣ್ಣ ಮಾಡಿ ತಲೆಯಾಡಿಸುತ್ತಿದ್ದರು. ನಾನು ಮೈದಾನಕ್ಕೆ ಹೋಗುತ್ತಿದ್ದೆ. ಹೀಗೆ ಮಳೆಗಾಲ ಕಳೆಯಿತು, ಚಳಿಗಾಲ ಬಂತು, ಶಾಲೆಯ ವಾರ್ಷಿಕ ಕ್ರೀಡೆಯೂ ಬಂತು.

ಎಂಟನೇ ಕ್ಲಾಸು ಮತ್ತು ಒಂಬತ್ತನೇ ಕ್ಲಾಸಿನ ಹುಡುಗಿಯರ ಖೋ ಖೋ ಫೈನಲ್ಲಿನ ದಿನವೇ ನನ್ನ ಫೋನ್ ಪರೀಕ್ಷೆಯ ದಿನವೂ ಬಿತ್ತು. ಬೆಳಿಗ್ಗೆ ಬೂತಿಗೆ ಹೋದೆವು. ಪೆಟ್ಟಿಗೆ ಕೂಗಿತು, ಅತ್ತೆ ಆಯಸ್ಕಾಂತ ಹಿಡಿದರು, ಎಲ್ಲ ಸರಿಯಾಗಿ ಹೋಯಿತು. ಹುಡುಗಿ ಉತ್ತರ ಹೇಳುವಷ್ಟರಲ್ಲಿ ಲೈನು ಸತ್ತಿತು. ಆ ಕಡೆ ದಾವಣಗೆರೆ ಬಸ್ಸು ಹೊರಡಲು ಹಾರನ್ ಹಾಕುತ್ತಿತ್ತು. "ಅವರೇ ತಿರುಗಿ ಮಾಡ್ತಾರೆ, ನೀವೇ ಕೇಳಿಸ್ಕಳ್ರಿ ಅತ್ತೀ" ಎಂದು ಪೆಟ್ಟಿಗೆ, ಆಯಸ್ಕಾಂತ ಎರಡನ್ನೂ ಚೀಲಕ್ಕೆ ತುಂಬಿಕೊಂಡು ಓಡಿದೆ.

ಮುಂದೆ ನಡೆದದ್ದನ್ನು ನಾನು ಆಮೇಲೆ ಜೋಡಿಸಿಕೊಂಡೆ. ಬೆಂಗಳೂರಿನ ಹುಡುಗಿ ತಿರುಗಿ ಫೋನ್ ಮಾಡಿದಳು. "ಬ್ಯಾಟರಿ ಹೆಚ್ಚಾಗೇ ಇದೆ ಅಜ್ಜಿ, ಭಯ ಪಡಬೇಡಿ" ಎಂದಳು. ಅತ್ತೆಗೆ ಕೇಳಿಸಿದ್ದು ಎರಡೇ ಮಾತು: ಹೆಚ್ಚಾಗಿದೆ, ಮತ್ತು ಭಯ ಪಡಬೇಡಿ. ಭಯ ಪಡಬೇಡಿ ಎನ್ನುವುದು ಯಾವಾಗ ಎಂದು ಅಷ್ಟು ವಯಸ್ಸಾದವರಿಗೆ ಗೊತ್ತಿಲ್ಲವೇ? ಫೋನು ಇಟ್ಟು, ಬೂತಿನ ಕಟ್ಟೆಯ ಮೇಲೆ ಕುಸಿದು ಕೂತು "ಬ್ಯಾಟ್ರಿ ಹೆಚ್ಚಾಗೈತಂತೆ ಸಾಬ್ರೆ" ಎಂದರು. ಸಾಹೇಬರಿಗೆ ನಮ್ಮೂರ ಹೆಂಗಸರ ಮಾತು ಚೆನ್ನಾಗಿ ಗೊತ್ತು. ಅವರು ಮೊದಲು ನಮ್ಮ ಮನೆಯವರ ಫ್ಯಾಕ್ಟರಿಯ ಗೇಟಿಗೆ, ಆಮೇಲೆ ನಮ್ಮ ಶಾಲೆಗೆ ಫೋನ್ ಮಾಡಿ ಸುದ್ದಿಯನ್ನು ಎಲ್ಲರಿಗೂ ತಿಳಿಯುವ ಭಾಷೆಯಲ್ಲಿ ಹೇಳಿಬಿಟ್ಟರು: "ಟೀಚರಮ್ಮನ ಬ್ಯಾಟ್ರಿ ಖತಮ್ ಅಂತ್ರಿ."

ನನಗೆ ಇದಾವುದೂ ಗೊತ್ತಿಲ್ಲ. ಆಟ ನಡೆಯುತ್ತಿತ್ತು. ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಕಂಬ ಸುತ್ತಿ ತಪ್ಪಿಸಿಕೊಳ್ಳುತ್ತಿದ್ದಳು. ಅಷ್ಟರಲ್ಲಿ ಹೆಡ್ ಮೇಡಂ ಸೆರಗು ಸೊಂಟಕ್ಕೆ ಸಿಕ್ಕಿಸಿ ಅಂಕಣದ ಮಧ್ಯಕ್ಕೇ ಓಡಿ ಬಂದರು. ಅವರು ಓಡಿದ್ದನ್ನು ನಾನು ಕಂಡದ್ದು ಅದೊಂದೇ ಸಲ. ನನ್ನ ಕೈಯಿಂದ ಸೀಟಿ ಕಿತ್ತುಕೊಂಡು ಪಕ್ಕದಲ್ಲಿದ್ದ ಡ್ರಾಯಿಂಗ್ ಮಾಸ್ತರಿಗೆ ಕೊಟ್ಟು, ನನ್ನ ತೋಳು ಹಿಡಿದು "ಬರ್ರಿ, ಬರ್ರಿ, ಮಾತಾಡಬ್ಯಾಡ್ರಿ, ನಿಧಾನಕ್ಕೆ ನಡೀರಿ" ಎಂದು ತಮ್ಮ ಕೋಣೆಗೆ ಕರೆದೊಯ್ದರು. ಹಿಂದಿನಿಂದ ಹುಡುಗಿಯರು ಅಳುವುದು ಕೇಳಿಸಿತು.

ಸುದ್ದಿ ಹೇಳಿದರು. ನನ್ನ ಎದೆ ಧಸಕ್ಕೆಂದಿತು. ಹೌದು, ಮಷಿನ್ ಇಟ್ಟ ಎದೆಯೂ ಧಸಕ್ಕೆನ್ನುತ್ತದೆ. ಅಂಗಡಿಯಿಂದ ತಂದ ಹೊಸ ಟ್ಯೂಬ್‌ಲೈಟು ಅವತ್ತೇ ಸುಟ್ಟುಹೋಗುವುದಿಲ್ಲವೇ? ಬೆರಳನ್ನು ಕೊರಳಿಗೆ ಒತ್ತಿ ನಾಡಿ ನೋಡಿಕೊಂಡೆ. ಬಡಿಯುತ್ತಿತ್ತು, ಗಟ್ಟಿಯಾಗಿಯೇ ಬಡಿಯುತ್ತಿತ್ತು. ಇನ್ನೆಷ್ಟು ಹೊತ್ತು ಬಡಿಯುತ್ತದೆ ಎಂದು ಬೆರಳಿಗೆ ತಿಳಿಯುವುದಿಲ್ಲವಲ್ಲ. ಹೆದರಿದೆ. ಹೆದರಿಕೆಗಿಂತ ಹೆಚ್ಚಾಗಿ ಸಿಟ್ಟು ಬಂತು, ಏಕೆಂದರೆ ಹೆಡ್ ಮೇಡಂ ಆಗಲೇ ಲೈಬ್ರರಿಯ ಮೆತ್ತೆಯನ್ನು ತರಿಸಿ ತಮ್ಮ ಎದುರಿನ ಕುರ್ಚಿಗೆ ಹಾಕಿಸಿದ್ದರು.

"ಕೂಡ್ರಿ" ಎಂದರು.

"ಸತ್ರೂ ನಿಂತೇ ಸಾಯ್ತೀನಿ ಮೇಡಂ, ಇದರ ಮ್ಯಾಲೆ ಕೂಡಲ್ಲ" ಎಂದೆ. ನಿಂತೇ ಇದ್ದೆ.

ಅಷ್ಟು ಹೊತ್ತಿಗೆ ನಮ್ಮ ಮನೆಯವರು ಯಾರದೋ ಸ್ಕೂಟರಿನಲ್ಲಿ ಅತ್ತೆಯನ್ನು ಹಿಂದೆ ಕೂರಿಸಿಕೊಂಡು ಬಂದರು. ಅತ್ತೆ ಜೀವಮಾನದಲ್ಲಿ ಸ್ಕೂಟರ್ ಹತ್ತಿದವರಲ್ಲ. ಕೂದಲು ಕೆದರಿತ್ತು, ಒಂದು ಕಾಲಿನ ಚಪ್ಪಲಿ ದಾರಿಯಲ್ಲಿ ಎಲ್ಲೋ ಬಿದ್ದುಹೋಗಿತ್ತು. ನಾನು ನಿಂತದ್ದು ಕಂಡು ಗೋಡೆ ಹಿಡಿದು ಅತ್ತರು.

"ಅತ್ತೀ, ಅಳಬ್ಯಾಡ್ರಿ. ಆ ಹುಡುಗಿ ಏನಂದ್ಲು? ಅವಳು ಅಂದಿದ್ದನ್ನೇ ಹೇಳ್ರಿ."

"ಅದೇ ಕಣವ್ವಾ... ಬ್ಯಾಟ್ರಿ ಹೆಚ್ಚಾಗೈತೆ ಅಂದ್ಲು."

"ಖತಮ್ ಅಂದ್ಲಾ? ಹೆಚ್ಚಾಗೈತೆ ಅಂದ್ಲಾ?"

"ಖತಮ್ ಅಂತ ಯಾರಾದ್ರೂ ಬಾಯಿ ಬಿಟ್ಟು ಅಂತಾರೇನು? ಹೆಚ್ಚಾಗೈತೆ ಅಂದ್ಲು. ಒಳ್ಳೇ ಮನೆತನದ ಹುಡುಗಿ."

ನನಗೆ ಅರ್ಥವಾಯಿತು. ಅರ್ಥವಾದರೂ ಧೈರ್ಯ ಬರಲಿಲ್ಲ. ಏಕೆಂದರೆ ಹಿಂದೊಮ್ಮೆ ಪೆಟ್ಟಿಗೆ ಕೂಗದೆ ಹೋದಾಗ ಆ ಹುಡುಗಿ "ಅಯ್ಯ ಶಿವನೇ" ಎಂದಿದ್ದಳು. ಅವಳೂ ನಮ್ಮ ಕಡೆಯವಳೇ ಆಗಿದ್ದರೆ? ಅವಳ ಮನೆಯಲ್ಲೂ ಅಕ್ಕಿ ಹೆಚ್ಚಾಗುತ್ತಿದ್ದರೆ? ಒಂದೇ ಮಾತಿನಲ್ಲಿ ನನ್ನ ಉಳಿವೂ ಇತ್ತು, ಅಳಿವೂ ಇತ್ತು. ಯಾವುದು ಎಂದು ಹೇಳಬಲ್ಲವಳು ಬೆಂಗಳೂರಿನಲ್ಲಿ ಕೂತಿದ್ದಳು.

"ಫೋನಿನ ಕೀಲಿ ಕೊಡ್ರಿ ಮೇಡಂ" ಎಂದೆ. ಹುಡುಗಿಯರು ಮುಟ್ಟದಿರಲೆಂದು ಡಯಲಿಗೆ ಪುಟ್ಟ ಬೀಗ ಹಾಕಿರುತ್ತಿದ್ದರು.

"ಈಗ ಫೋನ್ ಮಾಡ್ಕೊಂತ ಕೂಡೋ ಹೊತ್ತಲ್ಲ, ಬೆಂಗಳೂರಿಗೆ ಕಾರು ಹೇಳೀನಿ..."

"ಕೀಲಿ ಕೊಡ್ರಿ."

ಕೊಟ್ಟರು. ಬೆಂಗಳೂರಿನ ನಂಬರು ತಿರುಗಿಸಿ, ಮಣಿಕಟ್ಟಿಗೆ ಪಟ್ಟಿ ಕಟ್ಟಿಕೊಂಡೆ. ಫೋನಿನ ತುದಿಯನ್ನು ನಮ್ಮ ಮನೆಯವರು ಪೆಟ್ಟಿಗೆಯ ಮೇಲೆ ಹಿಡಿದರು. ಅತ್ತೆ ಆಯಸ್ಕಾಂತವನ್ನು ನನ್ನ ಎದೆಗೆ ಒತ್ತಿದರು. ಕುಂಯ್ ಎಂಬ ಸದ್ದು ಆ ಕೋಣೆಯ ಗಡಿಯಾರ, ಟ್ರೋಫಿ, ದೇವರ ಪಟಗಳ ನಡುವೆ ಏರುತ್ತ ಇಳಿಯುತ್ತ ಹೋಯಿತು. ಕಿಟಕಿಗೆ ಮುತ್ತಿದ್ದ ಹುಡುಗಿಯರು ಸರಳಿಗೆ ಕಿವಿ ಹಚ್ಚಿದರು. ಆಮೇಲೆ ಫೋನನ್ನು ಕಿವಿಗೆ ಇಟ್ಟುಕೊಂಡೆ.

"ಮೇಡಂ, ಬೆಳಿಗ್ಗೇನೇ ಹೇಳಿದೆನಲ್ಲ, ಬ್ಯಾಟರಿ ಹೆಚ್ಚಾಗೇ..."

"ತಡಿಯಮ್ಮ. ಆ ಮಾತು ಬ್ಯಾಡ. ನಾನು ಕೇಳಿದ್ದಕ್ಕೆ ಹೌದು, ಇಲ್ಲ ಅನ್ನು ಸಾಕು. ನನ್ನ ಬ್ಯಾಟರಿ ಮುಗಿದೈತಾ?"

"ಬಿಡ್ತು ಅನ್ನು!" ಎಂದು ಅತ್ತೆ ಕಿರುಚಿದರು. ನಾನು ಅನ್ನಲಿಲ್ಲ.

"ಇಲ್ಲ ಮೇಡಂ! ಮುಗಿಯೋದೆಲ್ಲಿ ಬಂತು? ಇನ್ನೂ ವರ್ಷಗಟ್ಟಲೆ ಬರುತ್ತೆ. ಹೆಚ್ಚಾಗಿದೆ ಅಂದರೆ ಜಾಸ್ತಿ ಇದೆ ಅಂತ. ನಿಮ್ಮ ಕಡೆ ಬೇರೆ ಏನಾದರೂ ಅರ್ಥ ಇದೆಯಾ?"

"ಐತೆ. ಇನ್ನೊಂದು ಸಲ ಹೇಳ್ತೀನಿ" ಎಂದು ಫೋನಿಟ್ಟೆ. ಕೋಣೆಯಲ್ಲಿದ್ದವರಿಗೆ ಒಂದೊಂದೇ ಮಾತು ಬಿಡಿಸಿ ಹೇಳಿದೆ. ನಮ್ಮ ಮನೆಯವರು ನೆಲದ ಮೇಲೆ ಕೂತುಬಿಟ್ಟರು. ಕಿಟಕಿಯ ಹುಡುಗಿಯರು ಕಿರುಚಿದರು. ಅತ್ತೆ ಆಯಸ್ಕಾಂತವನ್ನು ಕಣ್ಣಿಗೆ ಒತ್ತಿಕೊಂಡರು.

ಹೆಡ್ ಮೇಡಂಗೆ ಮಾತ್ರ ಇನ್ನೂ ಸಮಾಧಾನವಾಗಿರಲಿಲ್ಲ. "ಸರಿ, ಇವತ್ತು ಐತೆ. ಒಪ್ಪಿದೆ. ಆದ್ರೆ ನಾಳೆ ಆಟ ಆಡಿಸ್ತಿರುವಾಗ್ಲೇ ಮುಗಿದುಹೋದ್ರೆ ಏನು ಮಾಡ್ಲಿ ನಾನು? ಬ್ಯಾಡ. ಲೈಬ್ರರಿನೇ ಒಳ್ಳೇದು" ಎಂದರು.

ನಾನು ಬಾಯಿ ತೆರೆಯುವ ಮುಂಚೆಯೇ ಅತ್ತೆ ಎದ್ದಿದ್ದರು. ಒಂದೇ ಚಪ್ಪಲಿಯಲ್ಲಿ ಮೇಜಿನ ತನಕ ನಡೆದರು.

"ಏನಂದ್ರಿ? ಬಿಡ್ತು ಅನ್ರಿ."

"ಅಮ್ಮಾ, ನಾನು ಅವರ ಒಳ್ಳೇದಕ್ಕೇ..."

"ಮುತ್ತೈದೆ ಮುಂದೆ ಇಂಥ ಮಾತು ಒಳ್ಳೇದಕ್ಕೆ ಆಡ್ತಾರೇನ್ರಿ? ದೊಡ್ಡ ಓದು ಓದೀರಿ, ದೊಡ್ಡ ಕುರ್ಚಿ ಮ್ಯಾಲೆ ಕುಂತೀರಿ. ಮೊದ್ಲು ಬಿಡ್ತು ಅನ್ರಿ. ಅನ್ನೋ ತನಕ ನಾನು ಈ ಕೋಣೆ ಬಿಟ್ಟು ಕದಲಲ್ಲ."

ಹೆಡ್ ಮೇಡಂ ನನ್ನ ಕಡೆ ನೋಡಿದರು. ನಾನು ಗೋಡೆ ಕಡೆ ನೋಡಿದೆ. ಅವರೂ ಇದೇ ಊರಿನ ಮಗಳು, ಅವರ ಮನೆಯಲ್ಲೂ ಕುಂಕುಮ ಹೆಚ್ಚಾಗುತ್ತದೆ. ತುಟಿಯಲ್ಲೇ "ಬಿಡ್ತು" ಎಂದರು.

"ಕೇಳಿಸ್ಲಿಲ್ಲ."

"ಬಿಡ್ತು!" ಎಂದರು ಹೆಡ್ ಮೇಡಂ, ಪ್ರಾರ್ಥನೆಯ ದನಿಯಲ್ಲಿ, ಕಿಟಕಿಯಲ್ಲಿದ್ದ ಅಷ್ಟೂ ಹುಡುಗಿಯರಿಗೆ ಕೇಳಿಸುವ ಹಾಗೆ.

"ಬಿಡ್ತಲ್ಲ? ಹಂಗಾದ್ರೆ ಆ ಮಾತು ಅಲ್ಲಿಗೇ ಬಿಡ್ತು. ನಡಿಯವ್ವಾ" ಎಂದು ಅತ್ತೆ ನನ್ನ ಬೆನ್ನು ತಳ್ಳಿದರು. ಬಾಗಿಲ ಬಳಿ ತಿರುಗಿ ಮೆತ್ತೆ ಹಾಕಿದ ಕುರ್ಚಿಯನ್ನು ನೋಡಿದರು, ಸ್ಕೂಟರಿನಿಂದ ಸೊಂಟ ನೋಯುತ್ತಿದೆ ಎಂದು ಆ ಮೆತ್ತೆಯನ್ನು ಎತ್ತಿಕೊಂಡೇ ಬಂದರು. ಹೆಡ್ ಮೇಡಂ ತಡೆಯಲಿಲ್ಲ. ಲೈಬ್ರರಿಯ ಮಾತು ಅವರ ಬಾಯಿಂದ ಮತ್ತೆ ಬರಲೂ ಇಲ್ಲ.

ಮೈದಾನದಲ್ಲಿ ಡ್ರಾಯಿಂಗ್ ಮಾಸ್ತರು ಸೀಟಿಯನ್ನು ಬಿಸಿ ಬೋಂಡಾದ ಹಾಗೆ ಎರಡು ಬೆರಳಲ್ಲಿ ಹಿಡಿದು ನಿಂತಿದ್ದರು. ಇಸಿದುಕೊಂಡು ನಳದ ಕೆಳಗೆ ತೊಳೆದೆ. ಎಂಟು ಹುಡುಗಿಯರು ಸಾಲಿನಲ್ಲಿ ಒಬ್ಬಳು ಈ ಕಡೆ ಒಬ್ಬಳು ಆ ಕಡೆ ಮುಖ ಮಾಡಿ ಕೂತರು, ಬೆನ್ನ ಹಿಂದೆ ಖೋ ಎಂದ ಕೂಡಲೇ ಎದ್ದು ಓಡುವುದಕ್ಕೆ. ಆಟದಲ್ಲಿ ಕೂಡುವುದು ಇರುವುದೇ ಅದಕ್ಕೆ.

ಅತ್ತೆ ಗೆರೆಯ ಆಚೆ ಮೆತ್ತೆ ಹಾಕಿಕೊಂಡು, ಆಯಸ್ಕಾಂತವನ್ನು ಮಡಿಲಲ್ಲಿ ಇಟ್ಟುಕೊಂಡು ಕೂತರು. ನಾನು ಸೀಟಿ ಬಾಯಿಗಿಡುವಷ್ಟರಲ್ಲಿ ಕೂಗಿದರು:

"ಏ ಅವ್ವಾ, ನೀನಿನ್ನೂ ಬಿಡ್ತು ಅಂದಿಲ್ಲ!"

"ಆಟ ಹೆಚ್ಚಾಗ್ಲಿ ತಡೀರಿ ಅತ್ತೀ, ಆಮ್ಯಾಲೆ ಅಂತೀನಿ" ಎಂದು ಸೀಟಿ ಊದಿದೆ.